ಒಂದೇ ಮನೆಯಲ್ಲಿ ಎರಡು ಥೀಸಿಸ್

ನಾವಿಬ್ಬರೂ ಪಿಎಚ್‌ಡಿ ಮಾಡುತ್ತಿದ್ದೇವೆ. ನನ್ನ ಗಂಡನದು ಜೀವಕೋಶ ವಿಜ್ಞಾನ, ನನ್ನದು ಇತಿಹಾಸ. "ಇಬ್ಬರೂ ಓದ್ತಾ ಕೂತರೆ ಸಂಸಾರ ಹೇಗೆ ನಡೆಯುತ್ತೆ?" ಅಂತ ಕೇಳುವವರಿಗೆ ಲೆಕ್ಕವಿಲ್ಲ. ಅವರು ಕೇಳುವುದು ದುಡ್ಡಿನ ಬಗ್ಗೆ. ದುಡ್ಡಿನ ಕಷ್ಟ ಇದೆ, ಇಲ್ಲ ಅಂತಲ್ಲ. ಆದರೆ ಅದಕ್ಕಿಂತ ಜಾಸ್ತಿ ಕಾಡುವುದು ಬೇರೆ. ಈ ಕೆಲಸಕ್ಕೆ ಮುಗಿಯಿತು ಅಂತ ಗಂಟೆ ಹೊಡೆಯುವವರು ಯಾರೂ ಇಲ್ಲ. ಓದದೇ ಉಳಿದ ಪೇಪರ್ ಯಾವಾಗಲೂ ಇರುತ್ತದೆ. ತಿದ್ದಬೇಕಾದ ಅಧ್ಯಾಯ ಇರುತ್ತದೆ. ಸುಮ್ನೆ ಕೂತರೂ ಸುಮ್ಮನಿರಲು ಆಗುವುದಿಲ್ಲ. ಪಕ್ಕದಲ್ಲಿ ಇನ್ನೊಬ್ಬರು ಬರೆಯುತ್ತಿದ್ದರಂತೂ ಮುಳ್ಳಿನ ಮೇಲೆ ಕೂತ ಹಾಗೆಯೇ.

ಕೆಲಸ ಮುಗಿಯಲಿ, ಆಮೇಲೆ ಖುಷಿಯಾಗಿರೋಣ ಅಂತ ಶುರುವಿನಲ್ಲಿ ನಾವೂ ಅಂದುಕೊಂಡಿದ್ದೆವು. ಆ 'ಆಮೇಲೆ' ಬರುವ ಲಕ್ಷಣ ಕಾಣಲಿಲ್ಲ. ಹಾಗಾಗಿ ಕೆಲಸದ ಒಳಗೇ, ಅದರಲ್ಲೂ ಬೇಜಾರು ತರಿಸುವ ಭಾಗಗಳಲ್ಲೇ ಒಬ್ಬರಿಗೊಬ್ಬರು ಜೊತೆಯಾಗುವುದನ್ನು ರೂಢಿ ಮಾಡಿಕೊಂಡೆವು. ನಮ್ಮ ಪುಟ್ಟ ಸಂತೋಷಗಳೆಲ್ಲ ಅಲ್ಲಿಂದಲೇ ಬಂದವು.

ಭಾನುವಾರ ರಾತ್ರಿಯ ವಿಷಯ ಹೇಳುತ್ತೇನೆ. ಅವನು ಪ್ಲಾಸ್ಟಿಕ್ ಫ್ಲಾಸ್ಕ್‌ಗಳಲ್ಲಿ ಜೀವಕೋಶ ಬೆಳೆಸುತ್ತಾನೆ. ಇನ್‌ಕ್ಯುಬೇಟರ್ ಒಳಗೆ 37 ಡಿಗ್ರಿ ಸೆಲ್ಸಿಯಸ್ ಬಿಸಿ, ಗಾಳಿಯಲ್ಲಿ 5% ಕಾರ್ಬನ್ ಡೈಆಕ್ಸೈಡ್. ಎರಡು ಮೂರು ದಿನಕ್ಕೊಮ್ಮೆ ಅವುಗಳ ಮೀಡಿಯಂ, ಅಂದರೆ ಅವು ಬೆಳೆಯುವ ಪೋಷಕ ದ್ರವ, ಬದಲಿಸಬೇಕು. ಫ್ಲಾಸ್ಕಿನ ತಳ ತುಂಬುವ ಮೊದಲೇ ಬಿಡಿಸಿ ಬೇರೆ ಫ್ಲಾಸ್ಕಿಗೆ ಹಾಕಬೇಕು. ಕೋಶಗಳಿಗೆ ರಜಾದಿನ ಗೊತ್ತಿಲ್ಲವಲ್ಲ! ವಾರದ ಪ್ರಯೋಗ ಶುರುವಾಗುವ ಹೊತ್ತಿಗೆ ಅವು ಹದಕ್ಕೆ ಬಂದಿರಬೇಕು ಅಂದರೆ ಭಾನುವಾರ ರಾತ್ರಿ ಲ್ಯಾಬಿಗೆ ಹೋಗಲೇಬೇಕು.

ಮೊದಮೊದಲು ಇದೇ ಜಗಳಕ್ಕೆ ಕಾರಣವಾಗುತ್ತಿತ್ತು. "ಹತ್ತು ನಿಮಿಷ ಅಷ್ಟೇ" ಅಂತ ಹೋದವನು ಎರಡು ಗಂಟೆ ಬಿಟ್ಟು ಬರುತ್ತಿದ್ದ. ಒಂದು ಸಲ ಸಿಟ್ಟಿನಲ್ಲೇ ನಾನೂ ಹೊರಟೆ, ಅದೇನು ಅಷ್ಟು ಹೊತ್ತು ಮಾಡುತ್ತಾನೆ ನೋಡೋಣ ಅಂತ. ಈಗ ನಾನೇ ಅವನನ್ನು ಎಬ್ಬಿಸಿ ಹೊರಡಿಸುತ್ತೇನೆ.

ಇಡೀ ಕಟ್ಟಡ ಖಾಲಿ. ನಡೆದ ಹಾಗೆ ಕಾರಿಡಾರಿನ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತವೆ. ನಾನು ಕೋಟು ಹಾಕಿಕೊಂಡು ದೂರದಲ್ಲಿ ಸ್ಟೂಲಿನ ಮೇಲೆ ಕೂರುತ್ತೇನೆ, ಏನನ್ನೂ ಮುಟ್ಟುವ ಹಾಗಿಲ್ಲ. ಮೀಡಿಯಂನಲ್ಲಿ ಫೀನಾಲ್ ರೆಡ್ ಅನ್ನುವ ಬಣ್ಣ ಇರುತ್ತದೆ. ಹೊಸದಾಗಿ ಹಾಕಿದಾಗ ಕೆಂಪು. ಕೋಶಗಳು ತಿಂದು, ಆಮ್ಲ ಬಿಟ್ಟ ಹಾಗೆಲ್ಲ ಕಿತ್ತಳೆಗೆ ತಿರುಗಿ ಕೊನೆಗೆ ಹಳದಿಯಾಗುತ್ತದೆ. ಹೊರಗೆ ಬಹಳ ಹೊತ್ತು ಬಿಟ್ಟರೆ ಕಾರ್ಬನ್ ಡೈಆಕ್ಸೈಡ್ ಹೋಗಿ ನೇರಳೆ ಛಾಯೆ ಬರುತ್ತದೆ. ಈ ಬಣ್ಣ ಓದುವುದು ನನಗೂ ಬಂದಿದೆ. ಅವನು ಇನ್‌ಕ್ಯುಬೇಟರ್ ಬಾಗಿಲು ತೆಗೆದ ತಕ್ಷಣ "ಹಳದಿ ಆಗಿದೆ ಕಣೋ, ಪಾಪ ಹಸಿದಿವೆ" ಅನ್ನುವುದು ನನ್ನ ಹಕ್ಕು.

ಆಮೇಲೆ ಟ್ರಿಪ್ಸಿನ್ ಹಾಕುತ್ತಾನೆ. ತಳಕ್ಕೆ ಅಂಟಿಕೊಂಡ ಕೋಶಗಳನ್ನು ಬಿಡಿಸುವ ಕಿಣ್ವ ಅದು. ಕೆಲವು ನಿಮಿಷ ಕಾದು, ಫ್ಲಾಸ್ಕಿನ ಪಕ್ಕಕ್ಕೆ ಅಂಗೈಯಿಂದ ಮೆಲ್ಲಗೆ ತಟ್ಟುತ್ತಾನೆ. ಬೆಳಕಿಗೆ ಹಿಡಿದರೆ ತಳದಿಂದ ತೆಳ್ಳಗಿನ ಮಂಜಿನಂಥದ್ದು ಜಾರಿ ಇಳಿಯುವುದು ಬರಿಗಣ್ಣಿಗೇ ಕಾಣುತ್ತದೆ. ಬಿಡಿಸುವ ಮೊದಲು ಒಂದು ಸಲ ಮೈಕ್ರೋಸ್ಕೋಪಿನಲ್ಲಿ ನೋಡುವ ಅವಕಾಶ ನನಗೆ. ಸಾಧಾರಣ ಕೋಶಗಳು ಕೈಕಾಲು ಚಾಚಿ ಚಪ್ಪಟೆಯಾಗಿ ಬಿದ್ದುಕೊಂಡಿರುತ್ತವೆ. ಒಡೆದು ಎರಡಾಗಲು ಹೊರಟದ್ದು ಮಾತ್ರ ಗುಂಡಗಾಗಿ, ಅಂಚು ಮಿಂಚುತ್ತಾ ಎದ್ದು ಕಾಣುತ್ತದೆ. ನಡು ಸಣ್ಣಗಾಗಿ ಇನ್ನೇನು ಬೇರೆಯಾಗಬೇಕು ಅನ್ನುವಂಥದ್ದು ಸಿಕ್ಕಿದರೆ ಆ ದಿನ ಅವನಿಗೆ ನನಗಿಂತ ಜಾಸ್ತಿ ಖುಷಿ. ವರ್ಷಗಳಿಂದ ನೋಡುತ್ತಿದ್ದರೂ ನನಗೆ ತೋರಿಸುವಾಗ ಹೊಸದಾಗಿ ನೋಡುತ್ತಾನೆ.

ಇತಿಹಾಸದವಳಾದ್ದರಿಂದ ನನಗೆ ಇಲ್ಲಿ ಮೇರಿ ಕ್ಯೂರಿ ನೆನಪಾಗುತ್ತಾರೆ. ಅವರೂ ಆಗ ಡಾಕ್ಟರೇಟ್ ವಿದ್ಯಾರ್ಥಿನಿಯೇ. 1895ರಲ್ಲಿ ಪಿಯರ್ ಜೊತೆ ಮದುವೆ, 1897ರ ಕೊನೆಯ ಹೊತ್ತಿಗೆ ಸಂಶೋಧನೆ ಶುರು, 1903ರಲ್ಲಿ ಥೀಸಿಸ್. ಮಳೆ ಬಂದರೆ ಸೋರುವ ಒಂದು ಶೆಡ್ಡಿನಲ್ಲಿ ಕೆಲಸ. ರಾತ್ರಿ ಮತ್ತೆ ಅಲ್ಲಿಗೆ ಹೋಗಿ, ಕತ್ತಲಲ್ಲಿ ಮಂದವಾಗಿ ಹೊಳೆಯುವ ರೇಡಿಯಂ ಸೀಸೆಗಳನ್ನು ನೋಡುವುದು ತಮ್ಮ ಸಂತೋಷಗಳಲ್ಲೊಂದಾಗಿತ್ತು ಅಂತ ಅವರೇ ಮುಂದೆ ಬರೆದುಕೊಂಡಿದ್ದಾರೆ. ಆ ಹೊಳಪು ಎಂಥ ಅಪಾಯದ್ದು ಅಂತ ಆಗ ಸರಿಯಾಗಿ ಗೊತ್ತಿರಲಿಲ್ಲ. ಅವರ ನೋಟ್‌ಬುಕ್‌ಗಳಿಂದ ಇವತ್ತಿಗೂ ವಿಕಿರಣ ಬರುತ್ತದೆ, ಸೀಸದ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ನಮ್ಮದು ಅಷ್ಟು ಭಾರಿ ಕಥೆಯಲ್ಲ. ಆದರೆ ಹೊಳಪು ನಮಗೂ ಇದೆ. ಅವನ ಕೆಲವು ಕೋಶಗಳಲ್ಲಿ ಹಸಿರು ಪ್ರೋಟೀನ್ ಇದೆ, ಮೂಲತಃ ಒಂದು ಜಾತಿಯ ಜೆಲ್ಲಿ ಮೀನಿನದ್ದು. 2008ರ ರಸಾಯನಶಾಸ್ತ್ರದ ನೊಬೆಲ್ ಬಂದದ್ದು ಇದರ ಕೆಲಸಕ್ಕೇ. ನೀಲಿ ಬೆಳಕು ಬಿಟ್ಟರೆ ಹಸಿರಾಗಿ ಹೊಳೆಯುತ್ತವೆ. ಕೋಣೆಯ ದೀಪ ಆರಿಸಿ ಇಬ್ಬರೂ ಸರದಿಯಲ್ಲಿ ಕಣ್ಣಿಟ್ಟು ನೋಡುತ್ತೇವೆ. ಸಿನಿಮಾ ಟಿಕೆಟ್ಟಿನ ಖರ್ಚು ಉಳಿಯಿತು ಅಂತ ಅವನ ಲೆಕ್ಕ.

ಇದಕ್ಕೆ ಬದಲಾಗಿ ಅವನು ನನ್ನ ಕೆಲಸಕ್ಕೆ ಬರುತ್ತಾನೆ. ನಾನು ಓದುವುದು ಹಳೆಯ ಕಚೇರಿ ಪತ್ರಗಳನ್ನು. ಫೋಟೋ ತೆಗೆದು ತಂದು, ಅಕ್ಷರ ಅಕ್ಷರ ಬಿಡಿಸಿ ಟೈಪ್ ಮಾಡುತ್ತೇನೆ. ಮೂಲದ ಜೊತೆ ತಾಳೆ ನೋಡುವುದಿದೆಯಲ್ಲ, ಅಷ್ಟು ಬೇಜಾರಿನ ಕೆಲಸ ಇನ್ನೊಂದಿಲ್ಲ. ಕಣ್ಣು ಮೋಸ ಮಾಡುತ್ತದೆ. ಏನು ಇರಬೇಕು ಅಂದುಕೊಂಡಿದ್ದೇವೋ ಅದನ್ನೇ ಓದುತ್ತದೆ. ಹಳೆಯ ಮುದ್ರಣಾಲಯಗಳಲ್ಲಿ ಇದಕ್ಕೊಂದು ಪದ್ಧತಿ ಇತ್ತು. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪ್ರೂಫ್ ನೋಡುತ್ತಾ ಹೋಗಬೇಕು. ನಾವೂ ಅದನ್ನೇ ಮಾಡುತ್ತೇವೆ. ನಾನು ಟೈಪ್ ಮಾಡಿದ್ದನ್ನು ಓದುತ್ತೇನೆ, ಅವನು ಫೋಟೋ ಹಿಡಿದುಕೊಳ್ಳುತ್ತಾನೆ. ಪದಗಳಷ್ಟೇ ಅಲ್ಲ, "ಕಾಮಾ", "ಹೊಸ ಸಾಲು", "ಇಲ್ಲಿ ಗೀಟು ಹಾಕಿ ಹೊಡೆದಿದ್ದಾರೆ" ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಜೀವಕೋಶದವನಿಗೆ ಇತಿಹಾಸದ ಹಿನ್ನೆಲೆ ಗೊತ್ತಿಲ್ಲದಿರುವುದೇ ಲಾಭ. ಊಹೆ ಮಾಡುವುದಿಲ್ಲ, ಕಂಡದ್ದನ್ನು ಮಾತ್ರ ಹೇಳುತ್ತಾನೆ. ನಾನು ಮೂರು ಸಲ ನೋಡಿ ಬಿಟ್ಟ ಇಸವಿಯನ್ನು ಅವನು ಹಿಡಿದದ್ದಿದೆ.

ಒಂದು ಕಟ್ಟಿನಲ್ಲಿ ಒಬ್ಬ ಗುಮಾಸ್ತ ಇದ್ದಾನೆ. ರಜೆ ಕೊಡಿ ಅಂತ ಪತ್ರದ ಮೇಲೆ ಪತ್ರ. ಮೊದಲು ಹುಷಾರಿಲ್ಲ ಅಂತ ಎರಡು ಸಾಲು. ಆಮೇಲಾಮೇಲೆ ಪತ್ರ ಉದ್ದವಾಗುತ್ತಾ, ವಿನಯ ಜಾಸ್ತಿಯಾಗುತ್ತಾ, ಕೈಬರಹ ಕೆಡುತ್ತಾ ಹೋಗುತ್ತದೆ. ನನಗೆ ಅವನು ಥೀಸಿಸ್ಸಿನ ಒಂದು ಅಡಿಟಿಪ್ಪಣಿ. ನನ್ನ ಗಂಡನಿಗೆ ಅವನು ಸ್ವಂತ ಸಹೋದ್ಯೋಗಿ. ಪಾತ್ರೆ ತೊಳೆಯುತ್ತಾ ಇದ್ದಕ್ಕಿದ್ದಂತೆ ಕೇಳುತ್ತಾನೆ, "ಅಲ್ವೇ, ಆ ಗುಮಾಸ್ತನಿಗೆ ಕೊನೆಗೂ ರಜೆ ಸಿಕ್ತಾ?" ಉತ್ತರ ಆ ಕಟ್ಟಿನಲ್ಲಿಲ್ಲ. ಮುಂದಿನ ಕಟ್ಟಿನಲ್ಲಿ ಹುಡುಕು ಅಂತ ಒತ್ತಾಯ ಮಾಡುತ್ತಾನೆ. ನನ್ನ ಗೈಡ್ ಕೂಡ ಇಷ್ಟು ಆಸಕ್ತಿಯಿಂದ ಕೇಳಿದವರಲ್ಲ.

ಮನೆಯಲ್ಲಿ ಒಟ್ಟಿಗೆ ಕೂತು ಓದುವುದಕ್ಕೆ ಟೈಮರ್ ಇಟ್ಟುಕೊಂಡಿದ್ದೇವೆ. 25 ನಿಮಿಷ ಕೆಲಸ, 5 ನಿಮಿಷ ಬಿಡುವು ಅನ್ನುವ ಪೊಮೊಡೊರೊ ಪದ್ಧತಿ ಎಲ್ಲರಿಗೂ ಗೊತ್ತಿರುವುದೇ. 1980ರ ದಶಕದ ಕೊನೆಯಲ್ಲಿ ಫ್ರಾನ್ಸೆಸ್ಕೊ ಸಿರಿಲ್ಲೊ ಅನ್ನುವ ವಿದ್ಯಾರ್ಥಿ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಶುರು ಮಾಡಿದ್ದು. ನಿಜ ಹೇಳಬೇಕೆಂದರೆ ಥೀಸಿಸ್ ಬರೆಯುವವರಿಗೆ 25 ನಿಮಿಷ ಸಾಲುವುದಿಲ್ಲ. ಹಿಂದಿನ ಪ್ಯಾರಾ ಎಲ್ಲಿಗೆ ನಿಂತಿತ್ತು ಅಂತ ನೋಡುವುದಕ್ಕೇ ಅರ್ಧ ಹೊತ್ತು ಹೋಗುತ್ತದೆ. ನಾವು 50 ಮತ್ತು 10 ಮಾಡಿಕೊಂಡಿದ್ದೇವೆ. ಆ 10 ನಿಮಿಷ ಇಬ್ಬರಿಗೂ ಒಟ್ಟಿಗೇ ಬರಬೇಕು, ಅದೇ ಮುಖ್ಯ. ಬೇರೆ ಬೇರೆ ಹೊತ್ತಿಗೆ ಬಿಡುವು ಬಂದಾಗ ಒಬ್ಬರು ಇನ್ನೊಬ್ಬರ ತಲೆ ತಿನ್ನುತ್ತಿದ್ದೆವು. ಬಿಡುವಿನಲ್ಲಿ ಥೀಸಿಸ್ ಮಾತು ಬಂದ್. ಗೈಡ್, ರಿವ್ಯೂವರ್, ಸ್ಟೈಪೆಂಡ್, ಮೂರೂ ನಿಷಿದ್ಧ. ಒಂದು ಕಾಫಿ, ಕಿಟಕಿಯಾಚೆ ಯಾರು ಹೋದರು, ಎದುರು ಮನೆಯ ಬೆಕ್ಕು ಇವತ್ತು ಎಲ್ಲಿ ಮಲಗಿದೆ, ಇಂಥ ಮಾತು. ಈ ಬೆಕ್ಕಿನ ಬಗ್ಗೆ ನಮ್ಮಲ್ಲಿ ದೀರ್ಘ ಅಧ್ಯಯನವೇ ಆಗಿದೆ, ಪ್ರಕಟಿಸಿಲ್ಲ ಅಷ್ಟೆ.

ಕುರ್ಚಿ ಒಂದೇ. ಕ್ಯೂರಿ ದಂಪತಿ ಮದುವೆಗೆ ಬಂದ ದುಡ್ಡಿನಲ್ಲಿ ಸೈಕಲ್ ಕೊಂಡು ಸುತ್ತಾಡಿದರಂತೆ. ನಾವು ಬೆನ್ನಿಗೆ ಒರಗು ಇರುವ ಒಳ್ಳೆಯ ಕುರ್ಚಿ ಕೊಂಡೆವು. ಎರಡಕ್ಕೆ ದುಡ್ಡು ಸಾಲಲಿಲ್ಲ. ಬರೆಯುವವರಿಗೆ ಕುರ್ಚಿ, ಓದುವವರಿಗೆ ನೆಲ ಅಂತ ನಿಯಮ. ಹಾಗಾಗಿ ಕುರ್ಚಿಗೋಸ್ಕರವೇ ಬರೆಯಲು ಶುರು ಮಾಡಿದ ದಿನಗಳೂ ಇವೆ.

ಗಡುವು ಇಬ್ಬರಿಗೂ ಒಂದೇ ವಾರ ಬಂದರೆ ಕಷ್ಟ. ಯಾರದು ಮೊದಲೋ ಅವರಿಗೆ ಮನೆಕೆಲಸದಿಂದ ಪೂರ್ತಿ ಮಾಫಿ, ಕಳಿಸಿದ ಮರುದಿನದಿಂದ ಬಾಕಿ ತೀರಿಸಬೇಕು. ಅವನು ಚಿತ್ರ ವಿಶ್ಲೇಷಣೆಯ ಪೇಪರನ್ನು ಕಂಪ್ಯೂಟರ್‌ನವರ ಸಮ್ಮೇಳನಗಳಿಗೆ ಕಳಿಸುತ್ತಾನೆ. ಅವರ ಗಡುವಿನ ಲೆಕ್ಕ ಮಜವಾಗಿದೆ. ಭೂಮಿಯ ಮೇಲೆ ಎಲ್ಲಾದರೂ ಆ ತಾರೀಕು ಉಳಿದಿರುವ ತನಕ ಗಡುವು ಮುಗಿದಿಲ್ಲ ಅಂತ. ಅಂದರೆ ಗ್ರೀನ್‌ವಿಚ್‌ಗಿಂತ 12 ಗಂಟೆ ಹಿಂದಿನ ಗಡಿಯಾರ. ಮಧ್ಯರಾತ್ರಿ ಆಯಿತು ಅಂತ ಕೈಚೆಲ್ಲುವ ಹೊತ್ತಿಗೆ ಇನ್ನೂ ಸಮಯ ಇದೆ ಅಂತ ಗೊತ್ತಾಗುತ್ತದೆ. ಹಾಗೆ ಸಿಕ್ಕ ಗಂಟೆಗಳಲ್ಲಿ ಪೇಪರ್ ತಿದ್ದಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ನಿದ್ದೆಗಣ್ಣಿನಲ್ಲಿ ತಿದ್ದಿದ್ದು ಸುಧಾರಿಸಿದ್ದನ್ನು ನಾನು ನೋಡಿಲ್ಲ. ಕಳಿಸಿ, ದೀಪ ಆರಿಸಿ ಮಲಗಬೇಕು.

ಇನ್ನೊಂದು ಸಣ್ಣ ರೂಢಿ ಇದೆ, ಪ್ರತಿ ಶನಿವಾರ ಬ್ಯಾಕಪ್. ನನ್ನ ಥೀಸಿಸ್ಸಿನ ಪ್ರತಿ ಅವನ ಲ್ಯಾಬಿನ ಡ್ರಾಯರಿನಲ್ಲಿರುವ ಡಿಸ್ಕಿನಲ್ಲಿರುತ್ತದೆ, ಅವನದು ನನ್ನ ಡಿಪಾರ್ಟ್‌ಮೆಂಟಿನ ಕಪಾಟಿನಲ್ಲಿ. ಮನೆಗೆ ಏನಾದರೂ ಆದರೂ ಬೇರೆ ಕಡೆ ಒಂದಿರಲಿ ಅಂತ. ಜಗಳವಾಡಿದ ವಾರದಲ್ಲೂ ಡಿಸ್ಕ್ ಕೇಳಲೇಬೇಕು, ಕೊಡಲೇಬೇಕು. "ಡಿಸ್ಕ್ ಎಲ್ಲಿ?" "ಬ್ಯಾಗಲ್ಲಿದೆ." ರಾಜಿ ಅಲ್ಲಿಂದಲೇ ಶುರುವಾಗುತ್ತದೆ.

ಮುಂದೇನು ಅನ್ನುವ ಮಾತು ಮಾತ್ರ ಭಾರದ್ದು. ಇಬ್ಬರಿಗೂ ಒಂದೇ ಊರಿನಲ್ಲಿ ಕೆಲಸ ಸಿಗುವುದು ಸುಲಭವಲ್ಲ. ನಾರ್ವೆಯ ವಿಜ್ಞಾನಿ ದಂಪತಿ ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ 1995ರಲ್ಲಿ ಓಸ್ಲೋದಲ್ಲಿ ಇಬ್ಬರೂ ಡಾಕ್ಟರೇಟ್ ಪಡೆದು, ಮರುವರ್ಷವೇ ಟ್ರಾಂಡ್‌ಹೈಮ್‌ನಲ್ಲಿ ಇಬ್ಬರೂ ಕೆಲಸಕ್ಕೆ ಸೇರಿದರು. 2014ರಲ್ಲಿ ನೊಬೆಲ್ ಹಂಚಿಕೊಂಡರು. ಜೋಡಿಗಳಿಗೆ ಧೈರ್ಯ ಹೇಳುವವರೆಲ್ಲ ಈ ಕಥೆ ತೆಗೆಯುತ್ತಾರೆ. ಆಮೇಲೆ ಅವರು ಮದುವೆಯಿಂದ ಹೊರಬಂದರು ಅನ್ನುವುದನ್ನು ಹೇಳುವುದಿಲ್ಲ. ನನಗೇನೋ ಪೂರ್ತಿ ಕಥೆಯೇ ಇಷ್ಟ. ನಾವು ಈ ಮಾತನ್ನು ತಿಂಗಳ ಮೊದಲ ಶನಿವಾರಕ್ಕೆ ಕಟ್ಟಿಹಾಕಿದ್ದೇವೆ. ಅವತ್ತು ಕಾಗದ ಪೆನ್ನು ಹಿಡಿದು, ಎಲ್ಲಿ ಅರ್ಜಿ, ಯಾವಾಗ ಕೊನೆಯ ದಿನ, ಸಿಗದಿದ್ದರೆ ಏನು ಅಂತ ಬಿಡಿಸಿ ಮಾತಾಡುತ್ತೇವೆ. ಉಳಿದ ದಿನ ಮಲಗುವ ಹೊತ್ತಿಗೆ ಯಾರಾದರೂ ಎತ್ತಿದರೆ "ಶನಿವಾರ" ಅಂದರೆ ಸಾಕು, ಬಾಯಿ ಮುಚ್ಚಬೇಕು.

ಸದ್ಯಕ್ಕೆ ಅವನು ಥೀಸಿಸ್ ಬರೆಯುತ್ತಿದ್ದಾನೆ, ಕುರ್ಚಿ ಅವನದೇ. ಸಂಜೆ ಹೊತ್ತು ಮನೆಯಲ್ಲೇ ವೈವಾ, ಅಂದರೆ ಥೀಸಿಸ್ಸಿನ ಮೌಖಿಕ ಪರೀಕ್ಷೆ, ನಡೆಸುತ್ತೇವೆ. ನಾನು ಬಾಹ್ಯ ಪರೀಕ್ಷಕಿ, ಮುಖ ಗಂಟಿಕ್ಕಿಕೊಂಡು ಕೂರುತ್ತೇನೆ. ಇಬ್ಬರಿಗೂ ಬಹುವಚನ ಕಡ್ಡಾಯ, ನಕ್ಕವರು ಪಾತ್ರೆ ತೊಳೆಯಬೇಕು. ನಿನ್ನೆ ಕೇಳಿದೆ, "ಮೀಡಿಯಂಗೆ ಬಣ್ಣ ಹಾಕುತ್ತೀರಲ್ಲ, ಹೊಳೆಯುವ ಕೋಶಗಳ ಚಿತ್ರ ತೆಗೆಯುವಾಗ ಅದು ಅಡ್ಡ ಬರುವುದಿಲ್ಲವೇ?"

ಅವನು ಒಂದು ಕ್ಷಣ ನನ್ನ ಮುಖವನ್ನೇ ನೋಡಿದ. ಈ ಪ್ರಶ್ನೆ ನನ್ನಿಂದ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ.

"ಬರುತ್ತದೆ ಮೇಡಂ. ಆ ಬಣ್ಣವೂ ಸ್ವಲ್ಪ ಹೊಳೆಯುತ್ತದೆ, ಹಿನ್ನೆಲೆ ಮಸುಕಾಗುತ್ತದೆ. ಅದಕ್ಕೇ ಚಿತ್ರ ತೆಗೆಯುವಾಗ ಫೀನಾಲ್ ರೆಡ್ ಇಲ್ಲದ ಮೀಡಿಯಂ ಬಳಸಿದ್ದೇವೆ. ಮೂರನೇ ಅಧ್ಯಾಯದಲ್ಲಿ ಬರೆದಿದ್ದೇನೆ."

"ಬರೆದಿಲ್ಲ. ನಾನು ಓದಿದ್ದೇನೆ" ಅಂದೆ. ಅವನು ಲ್ಯಾಪ್‌ಟಾಪ್ ತೆಗೆದು ಹುಡುಕಿದ. ನಿಜಕ್ಕೂ ಬರೆದಿರಲಿಲ್ಲ. ಸೇರಿಸುತ್ತಾ ಇಬ್ಬರೂ ನಕ್ಕೆವು, ಹಾಗಾಗಿ ಪಾತ್ರೆ ಇಬ್ಬರೂ ಸೇರಿ ತೊಳೆದೆವು.