ಕಲ್ಲಿನ ರಥ ತೋರಿಸದ ಹಂಪಿ ನಡಿಗೆ

ಮೊದಲ ಸಲ ಜನರನ್ನು ಕರೆದುಕೊಂಡು ಹಂಪಿ ತೋರಿಸಲು ಹೊರಟಾಗ ನನ್ನ ಕೈಯಲ್ಲಿ ಹನ್ನೊಂದು ಜಾಗಗಳ ಪಟ್ಟಿ ಇತ್ತು, ಹಿಂದೆ ಇಪ್ಪತ್ತೆರಡು ಜನ ಇದ್ದರು. ಏಳನೆಯ ಜಾಗ ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಹನ್ನೆರಡು ಹೊಡೆದಿತ್ತು. ಅರ್ಧದಷ್ಟು ಮಂದಿ ಬಸ್ಸಿನ ನೆರಳು ಹಿಡಿದು ಕುಳಿತಿದ್ದರು, ಹಿರಿಯರೊಬ್ಬರಿಗೆ ಬವಳಿ ಬಂದಿತ್ತು. ಉಳಿದವರು ನನ್ನ ಬಾಯಿಯನ್ನು ನೋಡುತ್ತಿದ್ದರೇ ಹೊರತು ಕಲ್ಲನ್ನು ನೋಡುತ್ತಿರಲಿಲ್ಲ. ನಾನೋ, ಇಸವಿಗಳನ್ನು ಒದರುತ್ತಲೇ ಇದ್ದೆ. ಆ ದಿನ ಯಾರಿಗೆ ಏನು ನೆನಪಿನಲ್ಲಿ ಉಳಿಯಿತೋ ಗೊತ್ತಿಲ್ಲ, ನನಗೆ ಮಾತ್ರ ಬಂಡೆಗಳಿಂದ ಏಳುತ್ತಿದ್ದ ಆ ಝಳ ಉಳಿಯಿತು.

ಈಗ ಹನ್ನೆರಡು ಜನಕ್ಕಿಂತ ಹೆಚ್ಚು ಕರೆದೊಯ್ಯುವುದಿಲ್ಲ. ಬೆಳಿಗ್ಗೆ ನಾಲ್ಕು ಜಾಗ, ಇಳಿಹೊತ್ತಿನಲ್ಲಿ ಒಂದೆರಡು, ನಡುವೆ ನಾಲ್ಕೈದು ಗಂಟೆ ವಿಶ್ರಾಂತಿ. ಸಾಲಿನ ಕೊನೆಯಲ್ಲಿ ನಡೆಯಲು ದಾರಿ ಗೊತ್ತಿರುವ ಇನ್ನೊಬ್ಬರು ಇರಲೇಬೇಕು. ಅಕ್ಟೋಬರಿನಿಂದ ಫೆಬ್ರವರಿವರೆಗೆ ಮಾತ್ರ ನಡಿಗೆ. ಹಂಪಿಯ ಬಂಡೆಗಳು ಹೀರಿದ ಬಿಸಿಲನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ವಿಜಯ ವಿಠ್ಠಲನ ಕಲ್ಲಿನ ರಥ, ಕಮಲ ಮಹಲು, ಆನೆಲಾಯ ನನ್ನ ಪಟ್ಟಿಯಲ್ಲಿ ಇಲ್ಲ. ಅವನ್ನು ತೋರಿಸಲು ನೂರು ಜನ ಇದ್ದಾರೆ, ನನಗಿಂತ ಚೆನ್ನಾಗಿಯೂ ತೋರಿಸುತ್ತಾರೆ.

ಮರೆಯಾದ ಜಾಗ ಎಂದರೆ ಪೊದೆಯ ಹಿಂದೆ ಅಡಗಿರಬೇಕು ಎಂದು ಬರುವವರ ಎಣಿಕೆ. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ನಾವು ಮೊದಲು ನಿಲ್ಲುವ ಗಾಣಗಿತ್ತಿ ಬಸದಿ ಇರುವುದು ಕಮಲಾಪುರದಿಂದ ಕಂಪ್ಲಿಗೆ ಹೋಗುವ ರಸ್ತೆಯ ಬದಿಯಲ್ಲೇ. ವಾಹನಗಳು ನಿಲ್ಲದೆ ಹೋಗುತ್ತವೆ, ಅದು ಮರೆಯಾಗಿರುವುದು ಇಷ್ಟಕ್ಕೇ. ಬೆಳಿಗ್ಗೆ ಆರೂವರೆಗೆ ಅಲ್ಲಿ ನಿಂತರೆ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ಅದರ ಶಿಖರದ ಮೇಲೆ ಎಳೆಬಿಸಿಲು ಒಂದೊಂದೇ ಮೆಟ್ಟಿಲು ಇಳಿಯುವುದನ್ನು ಕಾಣಬಹುದು. ಮುಂದೆ ಎತ್ತರದ ದೀಪಸ್ತಂಭ.

ಈ ಸ್ತಂಭದ ಕೆಳಗೆ ನನ್ನ ಮಾನ ಹೋಗಿದೆ. ಗಾಣಗಿತ್ತಿ ಎಂದರೆ ಗಾಣದ ಹೆಂಗಸು. ಆದ್ದರಿಂದ ಎಣ್ಣೆ ತೆಗೆಯುವ ಹೆಣ್ಣುಮಗಳೊಬ್ಬಳು ಕಟ್ಟಿಸಿದ ಗುಡಿ ಇದು ಎಂದು ಎರಡನೆಯ ವರ್ಷದವರೆಗೂ ರಸವತ್ತಾಗಿ ಹೇಳುತ್ತಿದ್ದೆ. ಹೇಳುತ್ತಾ ಹೇಳುತ್ತಾ ಕಥೆಗೆ ನಾನೇ ಒಂದಿಷ್ಟು ಎಣ್ಣೆ ಹಾಕಿದ್ದೂ ಉಂಟು. ಒಮ್ಮೆ ಬಂದಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಪೂರ್ತಿ ಕೇಳಿಸಿಕೊಂಡು, ಸ್ತಂಭದ ಕಡೆ ಬೆರಳು ಮಾಡಿ, "ಅಲ್ಲ ತಮ್ಮಾ, ಈ ಕಂಬ ಬೇರೇನೋ ಹೇಳುತ್ತಿದೆಯಲ್ಲ?" ಎಂದರು. ಕಂಬದ ಮೇಲಿರುವುದು ಸಂಸ್ಕೃತ ಶಾಸನ. ಕಾಲ 1385. ವಿಜಯನಗರದ ಅರಸ ಇಮ್ಮಡಿ ಹರಿಹರನ ದಂಡನಾಯಕ ಇರುಗಪ್ಪ ಹದಿನೇಳನೆಯ ತೀರ್ಥಂಕರ ಕುಂಥುನಾಥನಿಗೆ ಈ ಕಲ್ಲಿನ ಚೈತ್ಯಾಲಯವನ್ನು ಕಟ್ಟಿಸಿದ ಎಂದು ಅದು ಹೇಳುತ್ತದೆ. ಗಾಣಗಿತ್ತಿ ಎಂಬುದು ಜನರ ಬಾಯಲ್ಲಿ ಅಂಟಿಕೊಂಡ ಹೆಸರು. ಅಂದಿನಿಂದ ಎರಡನ್ನೂ ಹೇಳುತ್ತೇನೆ, ಆದರೆ ಕಂಬ ಹೇಳಿದ್ದು ಯಾವುದು, ಊರು ಹೇಳಿದ್ದು ಯಾವುದು ಎಂದು ಬಿಡಿಸಿಯೇ ಹೇಳುತ್ತೇನೆ. ಆ ತಾಯಿ ಮಾರನೆಯ ವರ್ಷವೂ ಬಂದರು. ನನ್ನನ್ನು ಪರೀಕ್ಷಿಸಲು ಎಂದೇ ನನ್ನ ಅನುಮಾನ.

ಅಲ್ಲಿಂದ ಭೀಮನ ಬಾಗಿಲು ಹತ್ತಿರ. ಬಾಗಿಲು ಎಂದರೆ ಇದು ನೇರವಾಗಿ ಒಳಗೆ ಬಿಡುವ ಬಾಗಿಲಲ್ಲ. ಎದುರಿಗೆ ಗೋಡೆ ಅಡ್ಡ ಬರುತ್ತದೆ, ತಿರುಗಬೇಕು, ಮತ್ತೆ ತಿರುಗಬೇಕು. ಕೋಟೆಯ ಈ ಉಪಾಯವನ್ನು ಮೊದಲೆಲ್ಲ ಮಣ್ಣಿನ ಮೇಲೆ ಕಡ್ಡಿಯಿಂದ ಗೆರೆ ಎಳೆದು ವಿವರಿಸುತ್ತಿದ್ದೆ. ಈಗ ಗುಂಪಿನಲ್ಲಿ ಚುರುಕಾಗಿರುವ ಯಾರಿಗಾದರೂ, "ನೀವು ಶತ್ರುಗಳ ಕುದುರೆ, ಓಡಿ" ಎನ್ನುತ್ತೇನೆ. ನಾಲ್ಕು ಹೆಜ್ಜೆಗೇ ಓಟ ನಿಲ್ಲುತ್ತದೆ. ನಿಂತವರು ತಲೆ ಎತ್ತಿ ನೋಡಿದರೆ ಸುತ್ತಲೂ ಗೋಡೆ, ಗೋಡೆಯ ಮೇಲಿನಿಂದ ಇಣುಕುವ ಉಳಿದ ಹನ್ನೊಂದು ಮುಖಗಳು. ಇದಾದ ಮೇಲೆ ನಾನು ಹೇಳುವುದಕ್ಕೆ ಏನೂ ಉಳಿಯುವುದಿಲ್ಲ. ಭೀಮ ದ್ರೌಪದಿಗೆ ಹೂ ತಂದದ್ದು, ಅವಳ ಮುಡಿ ಕಟ್ಟಿದ್ದು ಇಲ್ಲಿ ಉಬ್ಬುಶಿಲ್ಪವಾಗಿದೆ. ಕಥೆ ಹೇಳುವ ಕೆಲಸವನ್ನು ಗುಂಪಿನ ಹಿರಿಯರಿಗೇ ಬಿಡುತ್ತೇನೆ. ಮಹಾಭಾರತ ಗೊತ್ತಿರುವ ಒಬ್ಬರಾದರೂ ಇದ್ದೇ ಇರುತ್ತಾರೆ, ಅವರಿಗೆ ಅದನ್ನು ಹೇಳುವ ಉಮೇದೂ ಇರುತ್ತದೆ.

ಮೂರನೆಯ ಜಾಗ ನನ್ನ ನಡಿಗೆಯ ಹೃದಯ. ಅರಮನೆಯ ಆವರಣದಿಂದ ಈಶಾನ್ಯಕ್ಕೆ, ಕುರುಚಲು ಕಾಡಿನ ನಡುವೆ, ಒಂದು ಕಂಬಸಾಲಿನ ಮಂಟಪ. ಹತ್ತಿರ ಹೋಗುವ ಮೊದಲೇ ಗುಂಪನ್ನು ನಿಲ್ಲಿಸಿ, ಇದು ಏನಿರಬಹುದು ಎಂದು ಕೇಳುತ್ತೇನೆ. ಛತ್ರ, ಗುಡಿಯ ಮುಖಮಂಟಪ, ಸಂತೆಕಟ್ಟೆ, ಇವು ಮೂರು ಉತ್ತರ ತಪ್ಪದೆ ಬರುತ್ತವೆ. ಹಂಪಿಯ ತುಂಬ ಕಾಣುವ ಮಾದರಿಯದೇ ಕಂಬ, ತೊಲೆ, ಚಪ್ಪಡಿ. ಕಮಾನಿಲ್ಲ, ಗುಮ್ಮಟವಿಲ್ಲ. ಒಳಗೆ ಹೋಗಿ ಪಶ್ಚಿಮದ ಗೋಡೆಯಲ್ಲಿರುವ ಗೂಡನ್ನು ನೋಡಿದ ಮೇಲೆ ಯಾರಾದರೊಬ್ಬರು ದನಿ ತಗ್ಗಿಸಿ, "ಮಸೀದಿಯೇ?" ಎನ್ನುತ್ತಾರೆ. ಹೌದು. ಪ್ರೌಢದೇವರಾಯನ, ಎಂದರೆ ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ್ದು. ಪಕ್ಕದಲ್ಲಿ ಗುಮ್ಮಟವಿರುವ ಗೋರಿ ಇದೆ.

ಇದರ ಶಾಸನ ಕನ್ನಡದಲ್ಲಿದೆ. ರಾಜನಿಗೆ ಪುಣ್ಯವಾಗಲಿ ಎಂದು ಕಟ್ಟಿಸಿದೆ ಎಂದು ಅಹಮದ್ ಖಾನ್ ಹೇಳಿಕೊಂಡಿದ್ದಾನೆ. ಕಟ್ಟಡಕ್ಕೆ ಅದರಲ್ಲಿರುವ ಹೆಸರು ಧರ್ಮಶಾಲೆ. ಮಸೀದಿ ಎಂಬ ಮಾತಿಲ್ಲ. ಈ ಒಂದು ಪದವನ್ನು ಹೇಳಿ ನಾನು ಸುಮ್ಮನಾಗುತ್ತೇನೆ. ಸುಮ್ಮನಾಗುವುದನ್ನು ಕಲಿಯಲು ನನಗೆ ವರ್ಷಗಳೇ ಬೇಕಾದವು. ಮೊದಲು ಇಲ್ಲಿ ಸೌಹಾರ್ದದ ಬಗ್ಗೆ ಹತ್ತು ನಿಮಿಷ ಭಾಷಣ ಬಿಗಿಯುತ್ತಿದ್ದೆ. ಮುಗಿಸುವಷ್ಟರಲ್ಲಿ ಜನ ಆಕಳಿಸುತ್ತಿದ್ದರು, ಇಲ್ಲವೇ ವಾದಕ್ಕೆ ನಿಲ್ಲುತ್ತಿದ್ದರು. ಈಗ ಅವರೇ ಕಂಬದಿಂದ ಕಂಬಕ್ಕೆ ಓಡಾಡುತ್ತಾರೆ, ಕೈಯಿಂದ ತಡವುತ್ತಾರೆ. ಗುಡಿ ಕಟ್ಟಿದ ಕಸುಬಿನವರೇ ಇದನ್ನೂ ಕಟ್ಟಿದರೋ ಎಂದು ತಮ್ಮ ತಮ್ಮಲ್ಲೇ ಮಾತಿಗೆ ತೊಡಗುತ್ತಾರೆ. ಒಬ್ಬ ಗಾರೆ ಕೆಲಸದ ಮೇಸ್ತ್ರಿ ಮಗನೊಂದಿಗೆ ಬಂದಿದ್ದರು. ಅವರು ಇತಿಹಾಸದ ಗೊಡವೆಗೇ ಹೋಗದೆ ತೊಲೆಯ ಕೆಳಗೆ ನಿಂತು, "ಈ ಉದ್ದದ ಕಲ್ಲನ್ನು ಬಿರುಕಿಲ್ಲದೆ ಮೇಲೆತ್ತಿದ್ದಾರಲ್ಲ ಸರ್, ಎಷ್ಟು ಜನ ಹೆಗಲು ಕೊಟ್ಟಿರಬೇಕು?" ಎಂದು ಕೇಳಿದರು. ಇದು ಕಟ್ಟಿದ ನಾಲ್ಕೇ ವರ್ಷಕ್ಕೆ, 1443ರಲ್ಲಿ, ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಈ ನಗರಕ್ಕೆ ಬಂದು, ಒಂದರೊಳಗೊಂದು ಏಳು ಸುತ್ತಿನ ಕೋಟೆ ಇದೆ ಎಂದು ಬರೆದ. ಅಂಥ ದೊಡ್ಡ ಸಾಕ್ಷಿಗಿಂತ ಮೇಸ್ತ್ರಿಯ ಪ್ರಶ್ನೆ ಆ ದಿನ ಎಲ್ಲರ ತಲೆ ಮೇಲೆತ್ತಿಸಿತು.

ಮಳೆಗಾಲ ಮುಗಿದ ಹೊಸತರಲ್ಲಿ ಇಲ್ಲಿಗೆ ಬರುವ ಕಾಲುದಾರಿಯನ್ನು ಹುಲ್ಲು ಮುಚ್ಚಿಬಿಟ್ಟಿರುತ್ತದೆ. ಹಿಂದಿನ ದಿನವೇ ಒಬ್ಬನೇ ಬಂದು ನಡೆದು ನೋಡುತ್ತೇನೆ. ಕೈಯಲ್ಲಿ ಕೋಲು, ಕಾಲಿಗೆ ಮುಚ್ಚಿದ ಬೂಟು. ಹಾವಿಗೆ ಇತಿಹಾಸದ ಆಸಕ್ತಿ ಇರುವುದಿಲ್ಲ. ಗದ್ದೆಯ ಬದುವಿನ ಮೇಲೆ ಹಾಯಬೇಕಾದರೆ ಅಲ್ಲಿರುವ ರೈತರನ್ನು ಕೇಳಿಯೇ ಹಾಯುತ್ತೇನೆ. ಒಮ್ಮೆ ಕೇಳದೆ ಹೋಗಿ ಬೈಸಿಕೊಂಡಿದ್ದೇನೆ, ಬೈಗುಳ ನ್ಯಾಯವಾಗಿಯೇ ಇತ್ತು. ಅದೇ ರೈತರು ಆಮೇಲೆ ನೀರು ಹರಿಯುತ್ತಿದ್ದ, ತುರ್ತು ಎಂಬ ಹೆಸರಿನ ಕಾಲುವೆಯನ್ನು ತೋರಿಸಿ, "ಇದು ರಾಯರ ಕಾಲದ್ದು, ಈಗಲೂ ನಮ್ಮ ಬಾಳೆಗೆ ಇದರದ್ದೇ ನೀರು" ಎಂದರು. 1565ರ ಯುದ್ಧದ ನಂತರ ಹಂಪಿ ಹಾಳಾಯಿತು ಎಂದು ನಾವು ಒಂದೇ ಉಸಿರಿಗೆ ಹೇಳಿಬಿಡುತ್ತೇವೆ. ಅರಮನೆ ಹೋಯಿತು, ಪೇಟೆ ಹೋಯಿತು, ಕಾಲುವೆ ಕೆಲಸ ಬಿಡಲಿಲ್ಲ.

ಬೆಳಗಿನ ಕೊನೆಗೆ ಮಾಲ್ಯವಂತ ಬೆಟ್ಟ. ಸೂರ್ಯಾಸ್ತಕ್ಕೆ ಇಲ್ಲಿ ಜನ ಸೇರುತ್ತಾರೆ, ಬೆಳಿಗ್ಗೆ ಒಂಬತ್ತಕ್ಕೆ ಬಹುತೇಕ ಖಾಲಿ. ಮಳೆಗಾಲ ಕಳೆಯಲು ರಾಮ ಇಲ್ಲಿ ತಂಗಿದ್ದ ಎಂಬುದು ಪ್ರತೀತಿ. ರಘುನಾಥನ ಗುಡಿಯನ್ನು ಒಂದು ಭಾರಿ ಬಂಡೆಗೆ ಹೊಂದಿಸಿ ಕಟ್ಟಿದ್ದಾರೆ. ಬಂಡೆ ಚಾವಣಿಯ ಮೇಲೆ ತಲೆ ಹಾಕಿದೆ, ಆ ತಲೆಯ ಮೇಲೊಂದು ಪುಟ್ಟ ಶಿಖರ. ಬಂಡೆಯನ್ನು ಒಡೆದು ಗುಡಿ ಕಟ್ಟುವುದು ಅವರಿಗೆ ಗೊತ್ತಿರಲಿಲ್ಲ ಎಂದಲ್ಲ. ಒಡೆಯಬಲ್ಲವರು ಒಡೆಯದೆ ಬಿಟ್ಟದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ಗೋಡೆಗಳ ಮೇಲೆ ಮೀನು ಮತ್ತಿತರ ಜಲಚರಗಳ ಉಬ್ಬುಶಿಲ್ಪಗಳಿವೆ, ಹುಡುಕುವ ಕೆಲಸ ಮಕ್ಕಳಿಗೆ. ಹಿಂಬದಿಯಲ್ಲಿ ಬಂಡೆಯ ಸೀಳೊಂದರಲ್ಲಿ ನೀರು ನಿಂತಿರುತ್ತದೆ, ಸೀಳಿನ ಅಂಚಿನುದ್ದಕ್ಕೂ ಸಣ್ಣ ಸಣ್ಣ ಲಿಂಗ, ನಂದಿಗಳ ಸಾಲು. ಅಲ್ಲಿ ಜಾರುತ್ತದೆ, ಅಂಚಿಗೆ ಒಬ್ಬೊಬ್ಬರನ್ನೇ ಬಿಡುತ್ತೇನೆ.

ಇಳಿಹೊತ್ತಿನದು ಅರಮನೆ ಆವರಣದ ಮೆಟ್ಟಿಲ ಪುಷ್ಕರಣಿ. ಇದನ್ನು ಮರೆಯ ಜಾಗ ಎನ್ನುವುದು ಹೇಗೆ, ದಿನವೂ ಸಾವಿರ ಜನ ಫೋಟೊ ತೆಗೆಯುತ್ತಾರಲ್ಲ ಎಂದು ಕೇಳುತ್ತಾರೆ. ನಾನು ಚೀಲದಿಂದ ಬೈನಾಕ್ಯುಲರ್ ತೆಗೆದು ಕೊಡುತ್ತೇನೆ. ಮಣ್ಣಿನಲ್ಲಿ ಹೂತುಹೋಗಿದ್ದ ಈ ಕೊಳ ಬೆಳಕಿಗೆ ಬಂದದ್ದು 1980ರ ದಶಕದ ಉತ್ಖನನದಲ್ಲಿ. ಸುತ್ತಲಿನ ನಗರ ಬಹುತೇಕ ಗ್ರಾನೈಟ್, ಈ ಕೊಳ ನುಣುಪು ಕರಿಕಲ್ಲು. ಬೇರೆಡೆ ಕಡೆದು ಸಿದ್ಧಪಡಿಸಿ ತಂದು ಜೋಡಿಸಿದ ಕಲ್ಲುಗಳು. ಬೈನಾಕ್ಯುಲರ್‌ನಲ್ಲಿ ಮೆಟ್ಟಿಲುಗಳ ಮುಖವನ್ನು ನಿಧಾನವಾಗಿ ನೋಡುತ್ತಾ ಹೋದರೆ ಸಣ್ಣ ಗುರುತುಗಳು ಕಾಣತೊಡಗುತ್ತವೆ. ಅವು ಕನ್ನಡದ ಅಕ್ಷರಗಳು, ಅಂಕಿಗಳು. ಯಾವ ದಿಕ್ಕು, ಯಾವ ಸಾಲು, ಎಷ್ಟನೆಯ ಕಲ್ಲು ಎಂದು ಜೋಡಿಸುವವರಿಗೆ ಕೊಟ್ಟ ಸೂಚನೆ. ರಾಜರ ಹೊಗಳಿಕೆಯ ಶಾಸನ ಓದಲು ತಜ್ಞರು ಬೇಕು. ಇದನ್ನು ಗುರುತು ಹಿಡಿದ ಕೂಡಲೇ ಎರಡನೆಯ ತರಗತಿಯ ಹುಡುಗಿಯೂ ಕೂಗಿಕೊಳ್ಳುತ್ತಾಳೆ. ಬೈನಾಕ್ಯುಲರ್ ಒಂದೇ ಇರುವುದರಿಂದ ಸರದಿಗಾಗಿ ಸಣ್ಣ ಜಗಳವೂ ಆಗುತ್ತದೆ. ಎರಡನೆಯದನ್ನು ಕೊಳ್ಳಬೇಕೆಂದು ಪ್ರತಿ ಸಲವೂ ಅಂದುಕೊಳ್ಳುತ್ತೇನೆ.

ಇದೇ ಬಗೆಯ ಇನ್ನೊಂದು ಗುರುತು ಹಂಪಿಯ ಉದ್ದಗಲಕ್ಕೂ ಇದೆ. ಬಂಡೆಗಳ ಮೈಮೇಲೆ ಹೊಲಿಗೆ ಹಾಕಿದಂತೆ ಸಾಲಾಗಿ ಚೌಕ ಕುಳಿಗಳು. ಕುಳಿಗೆ ಒಣಮರದ ಬೆಣೆ ಬಡಿದು, ನೀರು ಹನಿಸಿ, ಮರ ಉಬ್ಬಿದಾಗ ಬಂಡೆ ಸೀಳುತ್ತಿತ್ತು ಎನ್ನುತ್ತಾರೆ. ಸೀಳಿದ ಬಂಡೆಯ ಅಂಚಿನಲ್ಲಿ ಅರ್ಧರ್ಧ ಕುಳಿ ಉಳಿದಿರುತ್ತದೆ. ನನಗೆ ಇಷ್ಟವಾಗುವುದು ಕುಳಿ ತೋಡಿಯೂ ಸೀಳದೆ ಬಿಟ್ಟ ಬಂಡೆಗಳು. ಅಂಥದೊಂದು ಸಿಕ್ಕಿದರೆ ಎಲ್ಲರಿಗೂ ಬೆರಳು ಇಟ್ಟು ನೋಡಲು ಹೇಳುತ್ತೇನೆ. ಬೆಳಿಗ್ಗೆ ತೊಲೆಯ ಕೆಳಗೆ ನಿಂತಿದ್ದ ಆ ಮೇಸ್ತ್ರಿ ಕುಳಿಯೊಂದರೊಳಗೆ ಬೆರಳು ತಿರುಗಿಸಿ, ಉಳಿಯನ್ನು ಯಾವ ಓರೆಯಲ್ಲಿ ಹಿಡಿದಿರಬೇಕು ಎಂದು ಮಗನಿಗೆ ಕೈ ಹಿಡಿದು ತೋರಿಸಿದರು. ಅಷ್ಟನ್ನು ನಾನು ಯಾವ ಜನ್ಮಕ್ಕೂ ತೋರಿಸಲಾರೆ.

ಕೊನೆಯದಾಗಿ ನದಿಯ ದಂಡೆಯ ಪುರಂದರ ಮಂಟಪಕ್ಕೆ ಹೋಗುವ ಆಸೆ ಇರುತ್ತದೆ, ನದಿ ಒಪ್ಪಿದರೆ ಮಾತ್ರ. ಹಠ ಹಿಡಿದು ಒಂದು ಆಗಸ್ಟಿನಲ್ಲಿ ನಡಿಗೆ ಇಟ್ಟುಕೊಂಡಿದ್ದೆ. ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು, ಮಂಟಪ ಮುಳುಗಿತ್ತು. ಮಳೆಗಾಲದಲ್ಲಿ ಹೊರಡುವುದನ್ನು ಬಿಟ್ಟದ್ದು ಆಮೇಲೆಯೇ. ನದಿ ಕೈಕೊಟ್ಟ ದಿನಗಳಲ್ಲಿ ಹತ್ತಿರದ ಇನ್ನಾವುದಾದರೂ ಮಂಟಪದಲ್ಲಿ ಕೂರುತ್ತೇವೆ. ಕತ್ತಲಾಗುವವರೆಗೆ ಮಾತ್ರ ಇರುವುದಿಲ್ಲ. ದರೋಜಿ ಕರಡಿಧಾಮ ದೂರವಿಲ್ಲ, ಧಾಮಕ್ಕೆ ಬೇಲಿ ಇರಬಹುದು, ಕರಡಿಗೆ ಅದು ಗೊತ್ತಿರಬೇಕಲ್ಲ.

ಕಳೆದ ಸಲ ಹಾಗೆ ಕುಳಿತ ಮಂಟಪದ ನೆಲದಲ್ಲಿ ಹುಲಿ-ಕುರಿ ಆಟದ ಮನೆ ಕೊರೆದಿತ್ತು. ಹಂಪಿಯ ಹಲವು ಮಂಟಪಗಳಲ್ಲಿ ಇಂಥ ಮನೆಗಳಿವೆ. ಕೊರೆದವರು ಕಾವಲಿನವರೋ, ಯಾತ್ರಿಕರೋ, ದನ ಕಾಯುವ ಹುಡುಗರೋ, ಹೆಸರು ಬರೆದಿಟ್ಟು ಹೋಗಿಲ್ಲ. ತಿಕ್ಕಿ ತಿಕ್ಕಿ ಗೆರೆಗಳು ನುಣ್ಣಗಾಗಿದ್ದವು. ನನ್ನ ನಿವೃತ್ತ ಶಿಕ್ಷಕಿ ಸೆರಗು ಸಿಕ್ಕಿಸಿಕೊಂಡು ಕೆಳಗೆ ಕುಳಿತೇಬಿಟ್ಟರು. "ಬಾರಪ್ಪಾ, ಕುರಿ ನಿನಗೆ, ಹುಲಿ ನನಗೆ" ಎಂದು ಮೇಸ್ತ್ರಿಯ ಮಗನನ್ನು ಕರೆದರು. ಅವನು ಬೆಣಚುಕಲ್ಲಿನ ಚೂರುಗಳನ್ನು ಆಯ್ದು ತಂದ. ಐದು ನಿಮಿಷಕ್ಕೆ ಉಳಿದವರೆಲ್ಲ ಸುತ್ತ ಬಗ್ಗಿ ನಿಂತು ಒಬ್ಬೊಬ್ಬರೂ ಒಂದೊಂದು ನಡೆ ಹೇಳಿಕೊಡುತ್ತಿದ್ದರು. ಹೊತ್ತು ಇಳಿಯುತ್ತಿತ್ತು, ನಾನು ಎರಡು ಸಲ ಗಡಿಯಾರ ತೋರಿಸಿದೆ. "ತಡಿ ತಮ್ಮಾ" ಎಂದರು ಅವರು, ತಲೆ ಎತ್ತದೆ. ಎರಡು ಹುಲಿಗಳು ಕಟ್ಟಿಹೋಗುವವರೆಗೆ ಯಾರೂ ಅಲ್ಲಿಂದ ಏಳಲಿಲ್ಲ.