ಸೊನ್ನೆ ಕಂಡರೆ ಗಾಳಿ ಶುದ್ಧ ಅಂತಲ್ಲ: ಅಂಕಿಗಳಿಂದ ಕಥೆ ಮಾಡಿದ ನನ್ನ ಅನುಭವ

ನನ್ನ ಮೊದಲ ಗ್ರಾಫ್ ತೋರಿಸಿದ್ದು ಗೆಳೆಯನ ತಾಯಿಗೆ. ಒಂದು ನಗರದ ಗಾಳಿ ಎಷ್ಟು ಕೊಳೆಯಾಗಿದೆ ಅನ್ನೋದರ ಒಂದು ವರ್ಷದ ಲೆಕ್ಕ ಅದು. ನೀಲಿ ಗೆರೆ, ಅಚ್ಚುಕಟ್ಟಾದ ಅಕ್ಷ, ಕೆಳಗೆ ಸಣ್ಣ ಅಕ್ಷರದಲ್ಲಿ ವಿವರ. ನನಗಂತೂ ಹೆಮ್ಮೆ. ಅವರು ಫೋನನ್ನು ಸ್ವಲ್ಪ ದೂರ ಹಿಡಿದು ನೋಡಿದರು. ಆಮೇಲೆ ಕೇಳಿದರು: "ಇದು ಮೇಲೆ ಹೋಗ್ತಾ ಇದೆಯಲ್ಲಪ್ಪ, ಒಳ್ಳೇದಾ ಕೆಟ್ಟದ್ದಾ?"

ಎರಡು ತಿಂಗಳು ಕೂತು ಮಾಡಿದ ಕೆಲಸದಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ನನ್ನ ಹೊಟ್ಟೆಪಾಡು ಡೇಟಾ ಕೆಲಸ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೋಷ್ಟಕ ಜೋಡಿಸೋದು, ತಪ್ಪು ಸಾಲು ಹುಡುಕೋದು, ಚಾರ್ಟ್ ಮಾಡಿ ಕೊಡೋದು. ಅಲ್ಲಿಯವರೆಗೆ ನನ್ನ ಚಾರ್ಟ್ ನೋಡುತ್ತಿದ್ದವರೆಲ್ಲ ನನ್ನಂಥವರೇ. ಯಾರು ಬೇಕಾದರೂ ಫೋನಿನಲ್ಲಿ ಓದುವಂಥ ಡೇಟಾ ಸ್ಟೋರಿ, ಅಂದರೆ ಅಂಕಿಗಳಲ್ಲಿ ಹೇಳುವ ಕಥೆ, ಮಾಡೋಣ ಅಂತ ನಾವು ಮೂವರು ಕೂತದ್ದು ಅದೇ ಮೊದಲು. ವಿಷಯ ಪಿಎಂ 2.5, ಅಂದರೆ ಗಾಳಿಯಲ್ಲಿ ತೇಲುವ, 2.5 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಅಥವಾ ಅದಕ್ಕಿಂತ ಸಣ್ಣ ಕಣಗಳು. ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ಅದರ ಅಡ್ಡಕ್ಕೆ ಇಂಥ 28 ಕಣ ಸಾಲಾಗಿ ಕೂರುತ್ತವೆ.

ಒಳ್ಳೇದಾ ಕೆಟ್ಟದ್ದಾ ಅನ್ನೋದಕ್ಕೆ ಮೊದಲು ಒಂದು ಗುರುತು ಬೇಕಿತ್ತು. ಅದು ಸುಲಭ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ವರ್ಷದ ಸರಾಸರಿ ಘನ ಮೀಟರ್‌ಗೆ 5 ಮೈಕ್ರೋಗ್ರಾಂ ಮೀರಬಾರದು ಅಂದಿದೆ. ಅದಕ್ಕೂ ಮೊದಲು ಆ ಮಿತಿ 10 ಇತ್ತು. ಚಾರ್ಟಿನಲ್ಲಿ ಒಂದು ಅಡ್ಡಗೆರೆ ಎಳೆದು "ಇದರ ಮೇಲೆ ಇದ್ದಷ್ಟೂ ಕೆಟ್ಟದ್ದು" ಅಂತ ಬರೆದೆ. ಆದರೆ "ಘನ ಮೀಟರ್‌ಗೆ ಮೈಕ್ರೋಗ್ರಾಂ" ಅನ್ನೋದು ಹಾಗೇ ಉಳಿಯಿತು. ಘನ ಮೀಟರ್ ಅಂದರೆ ಎಷ್ಟು ಅಂತ ನನಗೇ ಕಣ್ಣಿಗೆ ಕಟ್ಟೋದಿಲ್ಲ, ಓದುಗರಿಗೆ ಹೇಗೆ ಕಟ್ಟುತ್ತೆ?

ಒಂದು ರಾತ್ರಿ ಸುಮ್ನೆ ಲೆಕ್ಕ ಹಾಕಿದೆ. ದೊಡ್ಡವರು ಸುಮ್ಮನೆ ಕೂತಿದ್ದಾಗ ಒಂದು ಉಸಿರಿಗೆ ಸುಮಾರು ಅರ್ಧ ಲೀಟರ್ ಗಾಳಿ. ನಿಮಿಷಕ್ಕೆ 15 ಉಸಿರು ಅಂದುಕೊಂಡರೆ ಏಳೂವರೆ ಲೀಟರ್. ಒಂದು ಘನ ಮೀಟರ್ ಅಂದರೆ 1,000 ಲೀಟರ್. ಭಾಗಿಸಿದರೆ ಎರಡು ಗಂಟೆ ಚಿಲ್ಲರೆ. ಸಿಕ್ಕಿತು! "ನೀವು ಎರಡು ಗಂಟೆಗೂ ಸ್ವಲ್ಪ ಜಾಸ್ತಿ ಹೊತ್ತು ಉಸಿರಾಡುವ ಗಾಳಿಯಲ್ಲಿ ಇಷ್ಟು ಕಣ" ಅಂತ ಬರೆದ ಮೇಲೆ ಯಾರೂ ಘನ ಮೀಟರ್ ಅಂದರೇನು ಅಂತ ಕೇಳಲಿಲ್ಲ. ಪರಿಚಯದ ವೈದ್ಯರೊಬ್ಬರು ಮಾತ್ರ ತಡೆದರು. ಒಳಗೆ ಹೋದದ್ದೆಲ್ಲ ಒಳಗೇ ಉಳಿಯೋದಿಲ್ಲ, ಸ್ವಲ್ಪ ವಾಪಸ್ ಬರುತ್ತೆ, ಹಾಗಾಗಿ "ಶ್ವಾಸಕೋಶದಲ್ಲಿ ಸೇರುತ್ತೆ" ಅಂತ ಬರೀಬೇಡಿ ಅಂದರು. ನಾನು ಹಾಗೇ ಬರೆದಿದ್ದೆ. ಅಳಿಸಿದೆ. ಕೇಳೋಕೆ ಅದೇ ಚೆನ್ನಾಗಿತ್ತು ಅನ್ನೋದು ಬೇರೆ ಮಾತು.

ಎರಡನೇ ತೊಡಕು ಸರಾಸರಿ. ವರ್ಷದ ಒಂದೇ ಅಂಕಿಯಲ್ಲಿ ಯಾರ ದಿನವೂ ಇರೋದಿಲ್ಲ. ಎಡ್ ಹಾಕಿನ್ಸ್ ಅನ್ನೋ ಹವಾಮಾನ ವಿಜ್ಞಾನಿ 2018ರಲ್ಲಿ ವರ್ಷಕ್ಕೊಂದು ಬಣ್ಣದ ಪಟ್ಟಿ ಹಾಕಿ ಭೂಮಿ ಬಿಸಿಯಾಗ್ತಿರೋದನ್ನ ತೋರಿಸಿದ್ದರು. ಅಕ್ಷ ಇಲ್ಲ, ಅಂಕಿ ಇಲ್ಲ, ನೀಲಿಯಿಂದ ಕೆಂಪಿಗೆ ಹೋಗೋ ಪಟ್ಟಿಗಳು ಅಷ್ಟೇ. ನಾವು ಆ ಉಪಾಯ ಎರವಲು ತಂದು ಗಂಟೆಗೊಂದು ಚೌಕ ಹಾಕಿದೆವು. ಅಡ್ಡಕ್ಕೆ 365 ದಿನ, ಉದ್ದಕ್ಕೆ 24 ಗಂಟೆ, ಒಟ್ಟು 8,760 ಚೌಕ. ಕಣ ಜಾಸ್ತಿ ಇದ್ದಷ್ಟೂ ಚೌಕ ಕಪ್ಪು, ಕಡಿಮೆ ಇದ್ದಷ್ಟೂ ಬಿಳಿ. ಹಾಕಿದ ಕೂಡಲೇ ಚಳಿಗಾಲದ ಬೆಳಗ್ಗೆಗಳೆಲ್ಲ ಕಪ್ಪಗೆ ಎದ್ದು ಕಂಡವು. ರಾತ್ರಿ ನೆಲ ತಣ್ಣಗಾಗಿ ತಂಪು ಗಾಳಿ ಕೆಳಗೇ ಕೂರುತ್ತೆ. ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದ ಹಾಗೆ ನಿಲ್ಲುತ್ತೆ. ಬೆಳಗಿನ ವಾಹನಗಳ ಹೊಗೆ ಆ ಮುಚ್ಚಳದ ಕೆಳಗೆ ಸಿಕ್ಕಿಕೊಳ್ಳುತ್ತೆ. ಬಿಸಿಲೇರಿ ಗಾಳಿ ಮೇಲೆ ಕೆಳಗೆ ಆಡಿದ ಮೇಲೆ ಮಧ್ಯಾಹ್ನ ತಿಳಿಯಾಗುತ್ತೆ. ಇದನ್ನ ಓದಿ ಗೊತ್ತಿತ್ತು, ಕಣ್ಣಾರೆ ಕಂಡಿದ್ದು ಆವತ್ತೇ.

ಹಾಗಾಗಿ ಕಥೆಯ ಮೊದಲ ಸಾಲನ್ನೇ ಬದಲಾಯಿಸಿದೆವು. ಪೀಠಿಕೆ ತೆಗೆದು ಪ್ರಶ್ನೆ ಇಟ್ಟೆವು: "ನೀವು ಮನೆಯಿಂದ ಎಷ್ಟು ಗಂಟೆಗೆ ಹೊರಡ್ತೀರಿ?" ಬೆರಳಲ್ಲಿ ಗಂಟೆ ಎಳೆದರೆ ಆ ಗಂಟೆಯ 365 ಚೌಕ ಮಾತ್ರ ಉಳಿಯುತ್ತೆ. ಇಡೀ ಕೆಲಸದಲ್ಲಿ ನನಗೆ ನಿಜವಾಗಿ ಖುಷಿ ಕೊಟ್ಟದ್ದು ಇದೊಂದೇ. ಸ್ಕ್ರೋಲ್ ಮಾಡಿದರೆ ತೇಲಿ ಬರುವ ಅಕ್ಷರ, ಕುಣಿಯೋ ಚುಕ್ಕಿ ಎಲ್ಲ ಮಾಡಿ ನೋಡಿದೆವು. ಹಳೇ ಫೋನಿನಲ್ಲಿ ಪುಟ ತೆವಳಿತು. ಕಿತ್ತು ಹಾಕಿದೆವು. ಕೆಂಪು-ಹಸಿರು ಬಣ್ಣವನ್ನೂ ಬಿಟ್ಟೆವು, ಯಾಕಂದರೆ ನಮ್ಮ ಮೂವರಲ್ಲೇ ಒಬ್ಬನಿಗೆ ಅವೆರಡರ ವ್ಯತ್ಯಾಸ ಕಾಣೋದಿಲ್ಲ. ಮೂರು ವಾರ ಏನೂ ಹೇಳದೆ ನೋಡ್ತಿದ್ದ, ಪುಣ್ಯಾತ್ಮ.

ಇನ್ನು ನಾನು ಮಾಡಿದ ಎಡವಟ್ಟು.

ಮಳೆಗಾಲದ ಮಧ್ಯೆ ಮೂರು ದಿನದ ಚೌಕಗಳು ಬೆಳ್ಳಗೆ ಹೊಳೀತಿದ್ದವು. ಮಳೆ ಗಾಳಿಯ ಕಣಗಳನ್ನ ತೊಳೆಯುತ್ತೆ ಅನ್ನೋದು ನಿಜ, ಆದ್ದರಿಂದ ನನಗೆ ಅನುಮಾನವೇ ಬರಲಿಲ್ಲ. "ಮಳೆ ಬಂತು, ನಗರ ಉಸಿರು ಬಿಟ್ಟಿತು" ಅಂತ ಒಂದು ಸಾಲೂ ಬರೆದೆ. ಕಥೆಯ ನಟ್ಟನಡುವೆ, ದೊಡ್ಡ ಅಕ್ಷರದಲ್ಲಿ. ಓದಿದವರೆಲ್ಲ ಮೆಚ್ಚಿದರು. ಆ ನಗರದಲ್ಲೇ ಇದ್ದ ನಮ್ಮ ಮೂರನೆಯವಳು ಮಾತ್ರ ಚೌಕಗಳನ್ನೇ ನೋಡ್ತಾ ಕೂತಳು. "ಆ ಮೂರು ದಿನ ಕರೆಂಟೇ ಇರಲಿಲ್ಲ ಕಣೋ," ಅಂದಳು.

ಫೈಲ್ ತೆಗೆದು ನೋಡಿದೆ. 0.0, 0.0, 0.0. ಗಂಟೆಗಟ್ಟಲೆ ಸಾಲಾಗಿ. ನಿಜವಾದ ಗಾಳಿ ಹಾಗೆ ಅಳತೆಗೆ ಸಿಗೋದಿಲ್ಲ. ಎಷ್ಟೇ ತಿಳಿಯಾದರೂ ಒಂದಿಷ್ಟು ಅಂಕಿ ಏರಿಳಿಯುತ್ತೆ. ಮಾಪಕ ನಿಂತಿತ್ತು, ಕೋಷ್ಟಕದ ಸೆಲ್ ಖಾಲಿ ಇತ್ತು. ಖಾಲಿ ಇದ್ದಲ್ಲಿ ಸೊನ್ನೆ ತುಂಬು ಅಂತ ಪ್ರೋಗ್ರಾಮಿನಲ್ಲಿ ಒಂದು ಸಾಲು ಬರೆದವನು ನಾನೇ. ಕೋಷ್ಟಕದಲ್ಲೇ ಇದ್ದಿದ್ದರೆ ಆ ಸೊನ್ನೆಗಳು ಯಾರನ್ನೂ ಅಷ್ಟಾಗಿ ಮೋಸ ಮಾಡ್ತಿರಲಿಲ್ಲ. ಅದಕ್ಕೆ ಮಳೆಯ ಕಥೆ ಕಟ್ಟಿ ಕೊಟ್ಟದ್ದೇ ತಪ್ಪಾಯಿತು.

ಆಗ ನೆನಪಾದದ್ದು ಜಾನ್ ಸ್ನೋ ಅನ್ನೋ ಇಂಗ್ಲೆಂಡಿನ ವೈದ್ಯರು. 1854ರಲ್ಲಿ ಲಂಡನ್ನಿನ ಸೋಹೋದಲ್ಲಿ ಕಾಲರಾ ಬಂದಾಗ ಸತ್ತ ಒಬ್ಬೊಬ್ಬರಿಗೂ ಅವರ ಮನೆಯ ಜಾಗದಲ್ಲಿ ಒಂದು ಕಪ್ಪು ಗೀಟು ಹಾಕಿದ ನಕ್ಷೆ ಅವರದು. ಗೀಟುಗಳು ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ಗುಂಪುಗೂಡಿವೆ. ನಕ್ಷೆ ನೋಡಿಯೇ ಕಾರಣ ಹೊಳೀತು ಅಂತ ಹೇಳೋರು ಜಾಸ್ತಿ. ನಿಜದಲ್ಲಿ ನೀರಿನ ಮೇಲೆ ಅವರ ಅನುಮಾನ ಮೊದಲಿಂದಲೂ ಇತ್ತು. ಪಂಪಿನ ಹಿಡಿ ಬಿಚ್ಚಿಸಿದ್ದು 1854ರ ಸೆಪ್ಟೆಂಬರಿನಲ್ಲಿ, ನಕ್ಷೆ ಅಚ್ಚಾಗಿದ್ದು ಆಮೇಲೆ. ನನಗೆ ಇಷ್ಟ ಆಗೋದು ಅಲ್ಲಿನ ಖಾಲಿ ಜಾಗ. ಪಂಪಿನ ಹತ್ತಿರವೇ ಬಿಯರ್ ತಯಾರಿಸುವ ಕಡೆ ಕೆಲಸಗಾರರು ಯಾರೂ ಸತ್ತಿರಲಿಲ್ಲ. ಸ್ನೋ ಹೋಗಿ ವಿಚಾರಿಸಿದರು. ಅವರು ಕುಡೀತಿದ್ದದ್ದು ಬಿಯರ್, ನೀರು ಬೇಕಾದರೆ ಒಳಗೇ ಬಾವಿ ಇತ್ತು. ಸ್ನೋ ಖಾಲಿ ಜಾಗ ಕಂಡು ಎದ್ದು ಹೋಗಿ ಕೇಳಿದರು. ನಾನು ಕೂತಲ್ಲೇ ಸೊನ್ನೆ ತುಂಬಿದೆ.

ಉಸಿರು ಬಿಟ್ಟ ಸಾಲು ಹೋಯಿತು. ಆ ಚೌಕಗಳಿಗೆ ಬೂದು ಬಣ್ಣ ಹಾಕಿ, ಮುಟ್ಟಿದರೆ "ಇಲ್ಲಿ ಅಳತೆ ಇಲ್ಲ, ಮಾಪಕ ನಿಂತಿತ್ತು" ಅಂತ ಬರೋ ಹಾಗೆ ಮಾಡಿದೆವು. ಹುಡುಕಿದರೆ ವರ್ಷವಿಡೀ ಅಲ್ಲಲ್ಲಿ ಬೂದು ಕಲೆಗಳು. ನೋಡೋಕೆ ಅಂದವಾಗಿರಲಿಲ್ಲ. ಇಷ್ಟು ತೋರಿಸಿದರೆ ಉಳಿದದ್ದನ್ನೂ ಜನ ನಂಬೋದಿಲ್ಲ ಅಂತ ನಾವು ಜಗಳ ಆಡಿದೆವು. ಕೊನೆಗೆ ಹಾಗೇ ಬಿಟ್ಟೆವು.

ಮತ್ತೆ ಫೋನನ್ನ ಗೆಳೆಯನ ತಾಯಿಯ ಕೈಗೇ ಕೊಟ್ಟೆ. ಆರು ಗಂಟೆಗೆ ಎಳೆದರು, ಮುಖ ಸಣ್ಣ ಮಾಡಿದರು. ನಾಲ್ಕು ಗಂಟೆಗೆ ಎಳೆದರು. "ಹಾಗಾದ್ರೆ ನಡೆಯೋಕೆ ಸಂಜೆ ಹೋಗ್ಲಾ?" ಅಂತ ಕೇಳಿದರು. ಸದ್ಯ, ಒಳ್ಳೇದಾ ಕೆಟ್ಟದ್ದಾ ಅಂತ ಕೇಳಲಿಲ್ಲ. ಆಮೇಲೆ ಬೆರಳು ಬೂದು ಚೌಕದ ಮೇಲೆ ನಿಂತಿತು. ಓದಿದರು. "ಮಳೆ ಬಂದು ಕರೆಂಟ್ ಹೋದ್ರೆ ನಿಂತೇ ಹೋಗೋದಾದ್ರೆ, ಅದಕ್ಕೊಂದು ಬ್ಯಾಟರಿ ಇಡೋಕಾಗಲ್ವಾ?"

ಪುಟ ಹೊರಗೆ ಬಿಟ್ಟ ಮೇಲೆ ಓದುಗರಿಂದ ಬಂದ ಪ್ರಶ್ನೆಗಳಲ್ಲೂ ಜಾಸ್ತಿ ಅದೇ ಇದ್ದವು. ಕಪ್ಪು ಚೌಕಗಳ ಬಗ್ಗೆ ಅಲ್ಲ, ಬೂದು ಚೌಕಗಳ ಬಗ್ಗೆ.