ನಂದು, ನಿಂದು, ಬಿಡು: ಟೆನಿಸ್ ಡಬಲ್ಸ್ ಆಡಿದ ನನ್ನ ಅನುಭವ

ನಾನು ದಾವಣಗೆರೆಯವಳು. ನನ್ನ ಜೋಡಿ ಚಿತ್ರದುರ್ಗದ ಹುಡುಗಿ, ನನಗಿಂತ 6 ವರ್ಷ ಚಿಕ್ಕವಳು. ಒಂದು ಭಾನುವಾರ ಅವಳು ಇಲ್ಲಿಗೆ, ಮುಂದಿನ ಭಾನುವಾರ ನಾನು ಅಲ್ಲಿಗೆ, ಹೀಗೆ ಎರಡು ವರ್ಷ ಬಸ್ಸಿನಲ್ಲಿ ಓಡಾಡಿ ಅಭ್ಯಾಸ ಮಾಡಿ ಕೊನೆಗೆ ಬೆಂಗಳೂರಿನಲ್ಲಿ 15,000 ಡಾಲರ್ ಬಹುಮಾನದ ಮಹಿಳಾ ಟೂರ್ನಿಯ ಡಬಲ್ಸ್‌ನಲ್ಲಿ ಒಂದೇ ಒಂದು ಮ್ಯಾಚ್ ಆಡಿದೆವು. ಅದನ್ನೂ ಸೋತೆವು.

ಜಾಗ ಸಿಕ್ಕಿದ್ದೇ ಒಂದು ಕಥೆ. ಡಬಲ್ಸ್ ಡ್ರಾ, ಅಂದರೆ ಆಡುವವರ ಪಟ್ಟಿ, 16 ಜೋಡಿಯದು. ಇಬ್ಬರ ರ‍್ಯಾಂಕಿಂಗ್ ಕೂಡಿಸಿ ಯಾರ ಮೊತ್ತ ಕಡಿಮೆಯೋ ಅವರಿಗೆ ಮೊದಲು ಜಾಗ. ನಮಗೆ ಕೂಡಿಸೋಕೆ ರ‍್ಯಾಂಕಿಂಗೇ ಇರಲಿಲ್ಲ! ಬದಲಿ ಜೋಡಿಗಳ ಪಟ್ಟಿಯಲ್ಲಿ ಸಹಿ ಹಾಕಿ ಸುಮ್ನೆ ಕೂತಿದ್ದೆವು. ಸಿಂಗಲ್ಸ್ ಆಡಿದ ಒಬ್ಬಳಿಗೆ ತೊಡೆ ಹಿಡಿದುಕೊಂಡು ಅವರ ಜೋಡಿ ಹಿಂದೆ ಸರಿಯಿತು. ಕರೆ ಬಂದಾಗ ನನ್ನ ಬಾಯಲ್ಲಿ ಮನೆಯಿಂದ ತಂದ ಒಗ್ಗರಣೆ ಮಂಡಕ್ಕಿ ಇತ್ತು.

ಡಬಲ್ಸ್‌ಗೆ ನಾವು ಜಾಸ್ತಿ ಕಲಿತದ್ದು ಹೊಡೆಯೋದನ್ನಲ್ಲ, ಕೂಗೋದನ್ನ. ಕೋರ್ಟಿನ ಅಗಲ ಸಿಂಗಲ್ಸ್‌ಗೆ 27 ಅಡಿ, ಡಬಲ್ಸ್‌ಗೆ 36. ಅಗಲ ಇದ್ದರೂ ಬುದ್ಧಿವಂತರು ಚೆಂಡನ್ನು ಇಬ್ಬರ ನಡುವೆಯೇ ಹಾಕುತ್ತಾರೆ. ನೆಟ್ ಕಂಬದ ಹತ್ತಿರ ಮೂರೂವರೆ ಅಡಿ ಇದ್ದರೆ ನಡುವೆ ಮೂರೇ ಅಡಿ. ಅದಕ್ಕಿಂತ ದೊಡ್ಡ ಅನುಕೂಲ ಅಂದರೆ ಅಲ್ಲಿ ಬಂದ ಚೆಂಡು ಯಾರದು ಅಂತ ಎದುರಿನ ಇಬ್ಬರಿಗೂ ಗೊತ್ತಿರೋದಿಲ್ಲ.

ಮೊದಮೊದಲು ನನ್ನ ಹುಡುಗಿ "ಅಕ್ಕಾ, ನೀವು ತಗೊಳ್ಳಿ" ಅನ್ನುತ್ತಿದ್ದಳು. ಅವಳ ಮರ್ಯಾದೆ ಮುಗಿಯುವಷ್ಟರಲ್ಲಿ ಚೆಂಡು ಹಿಂದಿನ ಬಲೆಗೆ ಹೋಗಿ ಬಿದ್ದಿರುತ್ತಿತ್ತು. ಕೋರ್ಟಿನೊಳಗೆ ಅಕ್ಕನೂ ಬೇಡ, ನೀವೂ ಬೇಡ ಅಂತ ಬೈದೆ. "ನಂದು", "ನಿಂದು" ಅಂತ ಇಟ್ಟುಕೊಂಡೆವು. ದುರ್ಗದಲ್ಲಿ ಗಾಳಿ ಹೇಗಿರುತ್ತೆ ಅಂತ ಜೋಗಿಮಟ್ಟಿ ಕಡೆ ಗಾಳಿಯಂತ್ರ ನೋಡಿದವರಿಗೆ ಗೊತ್ತು. ಆ ಗಾಳಿಯಲ್ಲಿ ನಂದು, ನಿಂದು ಎರಡೂ ಒಂದೇ ತರ ಕೇಳುತ್ತವೆ. ಒಮ್ಮೆ ಇಬ್ಬರೂ ಓಡಿ ಬಂದು ಅವಳ ರ‍್ಯಾಕೆಟ್ ನನ್ನ ಮೊಣಕೈಗೆ ಬಿತ್ತು, ಎರಡು ವಾರ ಊದಿಕೊಂಡಿತ್ತು. ಆಮೇಲೆ ಉಳಿದದ್ದು ಎರಡೇ ಮಾತು. ನಾನು ಹೊಡೆಯುತ್ತೇನೆ ಅಂದರೆ "ನಾ". ಇನ್ನೊಂದು "ಬಿಡು".

ಮ್ಯಾಚಿನಲ್ಲಿ ಮೊದಲ ಸೆಟ್ 2-6. ಅವಳು ಎಡಚಿ, ಎಲ್ಲರೂ ಹೇಳುವ ಹಾಗೆ ಅವಳನ್ನು ಎಡಗಡೆ ನಿಲ್ಲಿಸಿದ್ದೆ. ಹಾಗೆ ನಿಂತರೆ ಇಬ್ಬರ ಫೋರ್‌ಹ್ಯಾಂಡೂ (ರ‍್ಯಾಕೆಟ್ ಹಿಡಿದ ಕೈ ಕಡೆಯ ಹೊಡೆತ) ಹೊರಗಡೆಗೆ, ನಡುವೆ ಎರಡು ಬ್ಯಾಕ್‌ಹ್ಯಾಂಡು (ಇನ್ನೊಂದು ಕಡೆಯ ಹೊಡೆತ). ಎದುರಿನವರು ಅದನ್ನು ಎರಡನೇ ಗೇಮಿಗೇ ಹಿಡಿದುಬಿಟ್ಟರು. ಸೆಟ್ ನಡುವೆ ರಿಟರ್ನ್ ಕಡೆ, ಅಂದರೆ ಸರ್ವ್ ವಾಪಸ್ ಹೊಡೆಯಲು ನಿಲ್ಲುವ ಕಡೆ, ಬದಲಿಸುವ ಹಾಗಿಲ್ಲ, ಹೊಸ ಸೆಟ್ ಶುರುವಾಗುವಾಗ ಬದಲಿಸಬಹುದು. ಬದಲಿಸಿದೆವು. ಇಬ್ಬರ ಫೋರ್‌ಹ್ಯಾಂಡೂ ನಡುವಿಗೆ ಬಂತು, ಆಟವೇ ಬೇರೆಯಾಯಿತು. ಇದು ಎಲ್ಲ ಜೋಡಿಗೂ ಸರಿ ಅಂತ ಹೇಳುತ್ತಿಲ್ಲ. 2015-16ರಲ್ಲಿ ಸತತ 41 ಮ್ಯಾಚ್ ಗೆದ್ದ ಸಾನಿಯಾ ಮಿರ್ಜಾ ಬಲಗಡೆ, ಮಾರ್ಟಿನಾ ಹಿಂಗಿಸ್ ಎಡಗಡೆ ನಿಲ್ಲುತ್ತಿದ್ದರು. ಇಬ್ಬರೂ ಬಲಗೈಯವರು, ಅವರ ಲೆಕ್ಕ ಬೇರೆ.

ಎರಡನೇ ಸೆಟ್‌ನಲ್ಲಿ ನಾವು 5-4 ಮುಂದೆ, ಅವರ ಸರ್ವ್, 40-40. ಇಂಥ ಟೂರ್ನಿಗಳ ಡಬಲ್ಸ್‌ನಲ್ಲಿ ಈಗ ಅಡ್ವಾಂಟೇಜ್ (40-40 ಆದ ಮೇಲೆ ಸತತ ಎರಡು ಪಾಯಿಂಟ್ ಗೆಲ್ಲಬೇಕೆನ್ನುವ ನಿಯಮ) ಇಲ್ಲ, ಒಂದೇ ಪಾಯಿಂಟಿಗೆ ಗೇಮ್ ಮುಗಿಯುತ್ತದೆ. ಸರ್ವ್ ಯಾರು ತಗೊಳ್ಳಬೇಕು ಅನ್ನೋದು ರಿಟರ್ನ್ ಮಾಡುವವರ ಆಯ್ಕೆ. ಅವಳ ಮುಖ ನೋಡಿದೆ. ನೆಲ ನೋಡುತ್ತಿದ್ದಳು. ನಾನೇ ತಗೊಂಡೆ. ಸರ್ವ್ ಮೈಮೇಲೆ ಬಂತು, ಹೇಗೋ ಎತ್ತಿ ಹಾಕಿದೆ, ನೆಟ್ ಹತ್ತಿರ ಇದ್ದವಳ ತಲೆ ಮೇಲಿಂದ ಹೋಯಿತು. ಹಿಂದಿದ್ದವಳು ಓಡಿ ಹೇಗೋ ವಾಪಸ್ ತಳ್ಳಿದಳು, ಗಿಡ್ಡ ಚೆಂಡು, ಸರಿಯಾಗಿ ನಡುವೆ. "ನಾ!" ಅಂತ ನನ್ನ ಹುಡುಗಿ ಕೂಗಿದ್ದು ಪಕ್ಕದ ಕೋರ್ಟಿಗೂ ಕೇಳಿರಬೇಕು. ಹೊಡೆದಳು. ಸೆಟ್ ನಮ್ಮದು, 6-4.

ಮೂರನೇ ಸೆಟ್ ಪೂರ್ತಿ ಆಡಿಸುವುದಿಲ್ಲ, 10 ಪಾಯಿಂಟಿನ ಟೈಬ್ರೇಕ್, ಎರಡರ ಅಂತರ ಬೇಕು. 7-8ರಲ್ಲಿ ನಾನು ನೆಟ್ ಹತ್ತಿರ, ತಲೆ ಮೇಲೆ ಒಂದು ಲಾಬ್ ಬಂತು. ಕೈ ಎತ್ತಿದ್ದರೆ ಸಿಗುತ್ತಿತ್ತು. ಹಿಂದಿನಿಂದ "ಬಿಡು!" ಕೇಳಿತು. ಬಗ್ಗಿದೆ. ತಿರುಗಿ ನೋಡಿದರೆ ಅವಳು ರ‍್ಯಾಕೆಟ್ ಕೆಳಗಿಟ್ಟುಕೊಂಡು ನಿಂತಿದ್ದಾಳೆ, ಚೆಂಡು ಬೇಸ್‌ಲೈನ್ (ಹಿಂದಿನ ಗೆರೆ) ಮೇಲೆ ಬಿತ್ತು, ಅಂದರೆ ಒಳಗೇ. ಮುಂದಿನ ಪಾಯಿಂಟೂ ಹೋಯಿತು, 7-10. ಮೊದಲ ಸುತ್ತಿನಲ್ಲೇ ಸೋತವರಿಗೆ ರ‍್ಯಾಂಕಿಂಗ್ ಪಾಯಿಂಟ್ ಇಲ್ಲ.

ವಾಪಸ್ ಬರುವಾಗ ತುಮಕೂರು ದಾಟುವವರೆಗೂ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಕೇಳಿದೆ, "ಬಿಡು ಅಂದ ಮೇಲೆ ನೀನ್ಯಾಕೆ ಹೊಡೀಲಿಲ್ಲ?"

"ಹೊರಗೆ ಹೋಗುತ್ತೆ, ಬಿಡು ಅಂದೆ ಅಕ್ಕಾ."

"ನಂಗೆ ಬಿಡು ಅಂದೆ ಅಂದ್ಕೊಂಡೆ ನಾನು."

ಎರಡು ವರ್ಷ ಒಂದೇ ಮಾತು ಕೂಗಿದ್ದೇವೆ, ಇಬ್ಬರ ಅರ್ಥ ಬೇರೆ ಬೇರೆ! ಹಿರಿಯೂರು ಬರುವವರೆಗೂ ನಕ್ಕೆವು, ಮುಂದಿನ ಸೀಟಿನವರು ಎರಡು ಸಲ ತಿರುಗಿ ನೋಡಿದರು. ಈಗ ಹೊರಗೆ ಹೋಗೋ ಚೆಂಡಿಗೆ "ಔಟ್" ಅಂತಲೇ ಕೂಗುತ್ತೇವೆ. ದುರ್ಗದಲ್ಲಿ ಇಳಿಯುವಾಗ ಅವಳು ಹೇಳಿದ್ದು ಇಷ್ಟೇ, "ಭಾನುವಾರ ನಿಮ್ಮ ಸರದಿ ಅಕ್ಕಾ, ನೀವೇ ಬರಬೇಕು."